ಡಿಫೆನೆಸ್ಟ್ರೇಷನ್ ಅಂದ್ರೆ ಕಾಡು ಕಡಿಯೋದಲ್ಲ
ನ್ಯೂಸ್ ಹೆಡ್‌ಲೈನಲ್ಲಿ 'ಪಕ್ಷದ ನಾಯಕನ ಡಿಫೆನೆಸ್ಟ್ರೇಷನ್' ಅಂತ ಓದಿ ಕಾಡು ಕಡಿಯೋದಾ ಅಂತ ಕೇಳಿದ್ದೀರಲ್ಲ, ಅದು ಡಿಫಾರೆಸ್ಟೇಷನ್, ಇದೇ ಬೇರೆ. ಇದು ಯಾರನ್ನಾದ್ರೂ ಕಿಟಕಿಯಿಂದ ಹೊರಗೆ ಎಸೆಯೋದು, ಇದಕ್ಕೂ ಒಂದು ಪದ ನೋಡಿ! ಲ್ಯಾಟಿನ್‌ನಲ್ಲಿ ಫೆನೆಸ್ಟ್ರಾ ಅಂದ್ರೆ ಕಿಟಕಿ. ಫೇಮಸ್ ಆಗಿದ್ದು ಈಗಿನ ಚೆಕ್ ದೇಶದ ರಾಜಧಾನಿ ಪ್ರಾಗ್‌ನಿಂದ, 1618ರ ಮೇ 23ಕ್ಕೆ ಅಲ್ಲಿನ ಕೋಟೆಗೆ ನುಗ್ಗಿದ ಪ್ರೊಟೆಸ್ಟೆಂಟ್ ಕ್ರೈಸ್ತರು ಕ್ಯಾಥೊಲಿಕ್ ರಾಜನ ಕಡೆಯ ಇಬ್ಬರು ಅಧಿಕಾರಿಗಳನ್ನ, ಜೊತೆಗೆ ಪಾಪ ಅವರ ಗುಮಾಸ್ತನನ್ನೂ ಕಿಟಕಿಯಿಂದ ತಳ್ಳಿಬಿಟ್ರು, ಸುಮಾರು 20 ಮೀಟರ್ ಎತ್ತರ, ಆದ್ರೂ ಮೂವರೂ ಬದುಕಿದ್ರು. ಮೇರಿ ಮಾತೆ ಕಾಪಾಡಿದ್ಳು ಅಂತ ಕ್ಯಾಥೊಲಿಕ್ಕರು, ತಿಪ್ಪೆ ಮೇಲೆ ಬಿದ್ರು ಅಷ್ಟೇ ಅಂತ ಪ್ರೊಟೆಸ್ಟೆಂಟರು. ಆ ಗುಮಾಸ್ತನಿಗೆ ಆಮೇಲೆ ಸಿಕ್ಕ ಬಿರುದು 'ಹೋಹೆನ್‌ಫಾಲ್', ಅಂದ್ರೆ 'ಎತ್ತರದ ಪತನ', ತಮಾಷೆಗಲ್ಲ ನಿಜವಾಗ್ಲೂ! ಈಗ ಕುರ್ಚಿಯಿಂದ ಕಿತ್ತುಹಾಕಿದ್ರೂ ಇದೇ ಪದ ಬಳಸ್ತಾರೆ, ನೀವು ಓದಿದ್ದು ಅದೇ ಅರ್ಥದಲ್ಲಿ.