ಎರಡು ತಿಂಗಳಿಂದ ದಿನಾ ಧ್ಯಾನ ಮಾಡ್ತಿದ್ದೀನಿ, ಮನಸ್ಸು ಶಾಂತವಾಗ್ತಾನೇ ಇಲ್ಲ. ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಲಾ, ಆ್ಯಪ್‌ನಲ್ಲೇ ಮುಂದುವರಿಸಲಾ?

ಕಣ್ಣು ಮುಚ್ಚಿದ ತಕ್ಷಣ ಇಲ್ಲದ್ದೆಲ್ಲ ನೆನಪಾಗುತ್ತೆ ಅಂತ ಬರೆದಿದ್ದೀರಲ್ಲ, ಅದನ್ನ ಓದಿ ನಗು ಬಂತು. 2017ರಲ್ಲಿ ಇದೇ ಮಾತು ಹೇಳಿಕೊಂಡು ನಾನು ಶಿಬಿರಕ್ಕೆ ಹೋದೆ.

ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ನಾಲ್ಕೂವರೆಗೆ ಕೂರೋದು, ಹನ್ನೊಂದಕ್ಕೆ ಊಟ, ಸಂಜೆ ಐದಕ್ಕೆ ಚಹಾ ಜೊತೆ ಹಣ್ಣು, ರಾತ್ರಿ ಊಟ ಇಲ್ಲ. ಮೊಬೈಲ್ ಇಲ್ಲ, ಪುಸ್ತಕ ಇಲ್ಲ, ಪಕ್ಕದವನ ಜೊತೆ ಮಾತಿಲ್ಲ. ಫೀಸೂ ಇಲ್ಲ, ಮುಂಚೆ ಶಿಬಿರ ಮುಗಿಸಿ ಹೋದವರ ದಾನದಲ್ಲಿ ನಡೆಯುತ್ತೆ. ಮೊದಲ ಮೂರೂವರೆ ದಿನ ಆನಾಪಾನ, ಅಂದ್ರೆ ಮೂಗಿನ ಹತ್ತಿರ ಉಸಿರು ಬಂದು ಹೋಗೋದನ್ನ ಸುಮ್ಮನೆ ಗಮನಿಸೋದು. ಆಮೇಲೆ ನೆತ್ತಿಯಿಂದ ಪಾದದವರೆಗೆ ಮೈಯಲ್ಲಿ ಏನೇನು ಆಗ್ತಿದೆ ಅಂತ ನೋಡ್ತಾ ಹೋಗೋದು. ಮೂರನೇ ದಿನ ಮಂಡಿ ನೋವಿಗೆ ಬ್ಯಾಗ್ ಕಟ್ಟೋಣ ಅನ್ನಿಸಿತ್ತು. ಏಳನೇ ದಿನ ಸಂಜೆ ನೋವೆಲ್ಲ ಎಲ್ಲಿ ಹೋಯ್ತೋ, ಒಳಗಿಂದ ತುಂತುರು ಮಳೆ ಬಿದ್ದ ಹಾಗೆ ಮೈಯೆಲ್ಲ ಹಗುರ. ಹಿತವಾದದ್ದಕ್ಕೆ ಅಂಟಿಕೊಳ್ಳಬೇಡಿ, ಅಹಿತವಾದದ್ದನ್ನ ದೂಡಬೇಡಿ ಅಂತ, ಈ ಶಿಬಿರಗಳನ್ನ ಶುರು ಮಾಡಿದ ಗೋಯೆಂಕಾ ಅವರ ಪ್ರವಚನದ ರೆಕಾರ್ಡಿಂಗ್ ಮತ್ತೆ ಮತ್ತೆ ಹೇಳುತ್ತೆ. ಕೇಳಿದೆ, ತಲೆಯಾಡಿಸಿದೆ, ಅಂಟಿಕೊಂಡೆ.

ನಾನು ಅಕೌಂಟ್ಸ್ ಕೆಲಸದವನು. ಮನೆಗೆ ಬಂದವನೇ ಒಂದು ನೋಟ್‌ಬುಕ್ ತೆಗೆದು ಗೆರೆ ಎಳೆದೆ: ತಾರೀಖು, ಎಷ್ಟು ನಿಮಿಷ, 'ಬಂತು' ಅಥವಾ 'ಬರಲಿಲ್ಲ'. ಬರಬೇಕಾಗಿದ್ದು ಆ ತುಂತುರು. (ಗೋಯೆಂಕಾ ಅವರ ಗುರು ಸಯಾಜಿ ಊ ಬಾ ಖಿನ್ 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್ ಆದವರು. ಅವರು ಧ್ಯಾನಕ್ಕೆ ಲೆಡ್ಜರ್ ಇಟ್ಟಿದ್ದರು ಅಂತ ನಾನಂತೂ ಕೇಳಿಲ್ಲ.)

ತಪ್ಪು ಇಲ್ಲೇ ಆಗಿದ್ದು, ಸ್ವಲ್ಪ ಬಿಡಿಸಿ ಹೇಳ್ತೀನಿ. ಲೆಕ್ಕ ಇಡೋಕೆ ಶುರು ಮಾಡಿದ ಮೇಲೆ ಪ್ರತಿ ಬೆಳಿಗ್ಗೆ ನನಗೆ ಪರೀಕ್ಷೆ ಆಯ್ತು. 'ಬರಲಿಲ್ಲ' ಅಂತ ಬರೆದ ದಿನ ಯಾರನ್ನಾದರೂ ಬೈಯಲೇಬೇಕಿತ್ತು, ಅಡುಗೆಮನೆ ಪಕ್ಕದಲ್ಲೇ ಇತ್ತು. ಇನ್ನೇನು ಬರ್ತಿತ್ತು, ಅಷ್ಟರಲ್ಲಿ ಕುಕ್ಕರ್ ಕೂಗಿತು. ಇನ್ನೇನು ಬರ್ತಿತ್ತು, ಅಮ್ಮ ಮಿಕ್ಸಿ ಹಾಕಿದರು. ಎದ್ದು ಹೋಗಿ ರೇಗ್ತಿದ್ದೆ. ಕೋಪ ಹುಟ್ಟೋದನ್ನ ನೋಡೋಕೆ ಅಂತ ಕೂತವನು, ಕಣ್ಣೆದುರಿಗೇ ಕೋಪ ಹುಟ್ಟಿದರೂ ಅದನ್ನ ನೋಡಲಿಲ್ಲ. ಯಾಕಂದ್ರೆ ನನ್ನ ಲೆಕ್ಕದಲ್ಲಿ ತುಂತುರು ಅಂದ್ರೆ ಧ್ಯಾನ, ಕೋಪ ಅಂದ್ರೆ ಧ್ಯಾನಕ್ಕೆ ಬಂದ ಅಡ್ಡಿ. ಆ ಕೋಪಾನೇ ಅವತ್ತಿನ ಪಾಠ ಆಗಿತ್ತು ಅಂತ ಒಂದೂವರೆ ವರ್ಷ ನನ್ನ ತಲೆಗೆ ಹೋಗಲೇ ಇಲ್ಲ.

ಆಮೇಲಾಮೇಲೆ ಮಿಕ್ಸಿ ಸದ್ದು ನಿಂತಿತು. ಧ್ಯಾನದ ಫಲ, ಸದ್ದು ನನಗೆ ಕೇಳಿಸ್ತಾನೇ ಇಲ್ಲ ಅಂದುಕೊಂಡೆ! ಒಂದು ದಿನ ಅಮ್ಮನಿಗೆ ತುರುಬು ಕಟ್ಟೋಕೆ ಬಲಗೈ ಮೇಲೇಳಲಿಲ್ಲ. ಡಾಕ್ಟರು ಭುಜ ಒತ್ತಿ ನೋಡ್ತಾ, ಮನೆಯಲ್ಲಿ ಭಾರದ ಕೆಲಸ ಏನಾದರೂ ಮಾಡ್ತೀರಾಮ್ಮ ಅಂತ ಕೇಳಿದರು. "ದಿನಾ ಚಟ್ನಿ ಒರಳಲ್ಲಿ ರುಬ್ತೀನಿ" ಅಂದರು ಅಮ್ಮ. ಮಿಕ್ಸಿ ಇಲ್ವಾ ಅಂದರು ಡಾಕ್ಟರು. ಅಮ್ಮ ನನ್ನ ಕಡೆ ತಿರುಗಿ, ಒಂಥರಾ ಹೆಮ್ಮೆಯಿಂದಲೇ, "ಇವನು ಧ್ಯಾನ ಮಾಡ್ತಾನೆ" ಅಂದರು.

ಅರವತ್ತೆಂಟು ವರ್ಷದ ಹೆಂಗಸು, ಐದು ತಿಂಗಳಿಂದ ಹಿತ್ತಲಿನ ಒರಳಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಗುಂಡುಕಲ್ಲು ತಿರುಗಿಸ್ತಿದ್ದರು. ನಾನು ಆ ಚಟ್ನಿ ತಿಂದುಕೊಂಡು ಆಫೀಸಿಗೆ ಹೋಗ್ತಿದ್ದೆ, ರುಚಿ ಬೇರೆಯಾಗಿದ್ದೂ ಗೊತ್ತಾಗಿರಲಿಲ್ಲ. ಫಿಸಿಯೋಥೆರಪಿ ಮಾಡಿಸಿದ್ದಾಯ್ತು. ಇವತ್ತಿಗೂ ಅವರ ಆ ಕೈ ಕಿವಿಯಿಂದ ಮೇಲೆ ಹೋಗಲ್ಲ.

ನಿಮ್ಮ ಪ್ರಶ್ನೆಗೆ ಬರ್ತೀನಿ. 'ಶಾಂತವಾಗ್ತಿಲ್ಲ' ಅಂತ ಅಳೆಯೋದನ್ನೇ ನಾನು ಒಪ್ಪಲ್ಲ. ಸತಿಪಟ್ಠಾನ ಸುತ್ತ ಅನ್ನೋ ಧ್ಯಾನದ ಉಪದೇಶದಲ್ಲಿ ಬುದ್ಧ ಹೇಳೋದು ದ್ವೇಷ ತುಂಬಿದ ಚಿತ್ತವನ್ನ ದ್ವೇಷ ತುಂಬಿದ ಚಿತ್ತ ಅಂತ, ಚದುರಿದ ಚಿತ್ತವನ್ನ ಚದುರಿದ ಚಿತ್ತ ಅಂತ ತಿಳಿಯೋದು. ಚದುರಿದ್ದನ್ನ ಅಲ್ಲಿ ಫೇಲ್ ಮಾಡಿಲ್ಲ. ಇಲ್ಲದ್ದೆಲ್ಲ ನೆನಪಾಗ್ತಿದೆ ಅಂತ ನಿಮಗೆ ಗೊತ್ತಾಯ್ತಲ್ಲ, ಮುಂಚೆ ಗೊತ್ತಾಗ್ತಿತ್ತಾ? 'ಸತಿ' ಅನ್ನೋ ಪಾಳಿ ಭಾಷೆಯ ಪದ ನಮ್ಮ 'ಸ್ಮೃತಿ'ಯೇ. ಮರೆತು ಎಲ್ಲೋ ಹೋದವನಿಗೆ ಮತ್ತೆ ಉಸಿರು ನೆನಪಾದರೆ ಅವತ್ತಿನ ಕೆಲಸ ಆಯ್ತು, ಇಪ್ಪತ್ತು ನಿಮಿಷದಲ್ಲಿ ನಲವತ್ತು ಸಲ ಮರೆತರೂ ಸರಿ.

ಶಿಬಿರಕ್ಕೆ ಈಗ ಹೋಗಬೇಡಿ ಅಂತಲೇ ನನ್ನ ಅಭಿಪ್ರಾಯ. ಶಿಬಿರ ಕೆಟ್ಟದ್ದು ಅಂತಲ್ಲ, 2022ರಲ್ಲಿ ನಾನು ಎರಡನೇ ಸಲ ಹೋಗಿ ಬಂದೆ. ಆದರೆ ಈಗ ಹೋದರೆ ನೀವು ಶಾಂತಿ ತರೋಕೆ ಹೋಗ್ತೀರಿ, ನನ್ನ ಹಾಗೆ ಒಂದು ತುಂತುರು ಹಿಡಿದುಕೊಂಡು ಬರ್ತೀರಿ. ಆ್ಯಪ್ ಇರಲಿ, ಅದರಲ್ಲಿ ಎಷ್ಟು ದಿನ ಬಿಡದೆ ಕೂತಿರಿ ಅಂತ ಲೆಕ್ಕ ತೋರಿಸುತ್ತಲ್ಲ, ಅದನ್ನ ಆಫ್ ಮಾಡಿ. ನಿದ್ದೆ ಬರಲ್ಲ ಅಂತ ಬೇರೆ ಬರೆದಿದ್ದೀರಿ. ಅದನ್ನ ಮೊದಲು ಡಾಕ್ಟರಿಗೆ ಹೇಳಿ, ಮಾತ್ರೆ ನಡೀತಿದ್ದರೆ ಧ್ಯಾನ ನಂಬಿಕೊಂಡು ಬಿಡಬೇಡಿ. ಮುಂದೆ ಶಿಬಿರಕ್ಕೆ ಅರ್ಜಿ ಹಾಕುವಾಗಲೂ ಆರೋಗ್ಯದ ಬಗ್ಗೆ ಕೇಳ್ತಾರೆ, ಅಲ್ಲಿ ಮುಚ್ಚಿಡಬೇಡಿ.

ಬಾಗಿಲು ಹಾಕಿಕೊಂಡು ಕೂರೋದನ್ನ ನಾನು ಬಿಟ್ಟಿದ್ದೀನಿ. ನಮ್ಮನೇಲಿ ಆರೂ ಹತ್ತಕ್ಕೆ ಮಿಕ್ಸಿ ಶುರುವಾಗುತ್ತೆ. ನಾನು ಆರು ಗಂಟೆಗೆ ತೆಂಗಿನಕಾಯಿ ತುರಿದುಕೊಟ್ಟು, ಅಲ್ಲೇ ಹಜಾರದಲ್ಲಿ ಕೂರ್ತೀನಿ.