ಎಲ್ ಗ್ರಾನ್ ವಾಸ್ಕೆಸ್ ನೋಡಿ, ಸಹಿ ಆಮೇಲೆ ಹಾಕಿ

ಕಾರ್ಟೂನಿಸ್ಟ್ ಒಬ್ಬರ ಬಗ್ಗೆ ಒಳ್ಳೆ ಸಿನಿಮಾ ಹೇಳಿ ಅಂದಿದ್ದೀರಿ, ಜೊತೆಗೆ ನಿಮ್ಮ ಕಾಮಿಕ್ ಸ್ಟ್ರಿಪ್‌ಗೆ ವೆಬ್ ಪತ್ರಿಕೆಯವರು ಕಳಿಸಿದ ಒಪ್ಪಂದಕ್ಕೆ ಸಹಿ ಹಾಕಬಹುದಾ ಅಂತಲೂ ಕೇಳಿದ್ದೀರಿ. ಎರಡಕ್ಕೂ ಒಂದೇ ಉತ್ತರ ಸಾಕು.

ಸಿನಿಮಾ 2010ರ ಸ್ಪ್ಯಾನಿಷ್ ‘ಎಲ್ ಗ್ರಾನ್ ವಾಸ್ಕೆಸ್’, ನಿರ್ದೇಶಕ ಆಸ್ಕರ್ ಐಬರ್. ಮ್ಯಾನುಯೆಲ್ ವಾಸ್ಕೆಸ್ ಅನ್ನುವ ನಿಜವಾದ ಕಾರ್ಟೂನಿಸ್ಟ್ ಕತೆ, ಪಾತ್ರ ಮಾಡಿರೋದು ಸಾಂಟಿಯಾಗೊ ಸೆಗುರ. ಕತೆ ನಡೆಯೋದು ಸರ್ವಾಧಿಕಾರಿ ಫ್ರಾಂಕೊ ಕಾಲದ ಬಾರ್ಸಿಲೋನಾದಲ್ಲಿ. ಈ ಮನುಷ್ಯ ಹೋಟೆಲಿನವನಿಗೂ ಟೋಪಿ, ಟೈಲರಿಗೂ ಟೋಪಿ. ಅಪ್ಪ ಸತ್ತರು ಅಂತ ಅಳುತ್ತಾ ಪ್ರಕಾಶಕರ ಹತ್ತಿರ ಮುಂಗಡ ಇಸ್ಕೊಂಡನಂತೆ, ಅದೂ ಒಂದು ಸಲ ಅಲ್ಲ! ಅವನ ಬಗ್ಗೆ ಹೀಗೆ ಹಬ್ಬಿರುವ ಕತೆಗಳಲ್ಲಿ ಎಷ್ಟು ನಿಜವೋ, ಆದರೆ ಅವನೇ 1968ರಲ್ಲಿ ತನ್ನನ್ನೇ ನಾಯಕ ಮಾಡಿ, ಸಾಲ ಕೊಟ್ಟವರಿಂದ ತಪ್ಪಿಸಿಕೊಂಡು ಓಡುವ ಸ್ಟ್ರಿಪ್ ಶುರು ಮಾಡಿದ. ಅವನ ಗೆಳೆಯ, ಇನ್ನೊಬ್ಬ ಕಾರ್ಟೂನಿಸ್ಟ್ ಇಬಾನ್ಯೆಸ್ ಕೂಡ ಒಂದು ಅಪಾರ್ಟ್‌ಮೆಂಟಿನ ಕಾಮಿಕ್ಸಿನಲ್ಲಿ ಮಹಡಿ ಮೇಲಿನ ಸಾಲಗಾರನನ್ನು ಇವನ ಮೇಲೇ ಬರೆದದ್ದು.

ನೋಡುವ ಮೊದಲು ಅವನ ಕೆಲವು ಪುಟ ಹುಡುಕಿ ನೋಡಿ. ಗಿಲ್ದಾ ಅಕ್ಕತಂಗಿಯರು (1949): ಒಬ್ಬಳು ಕಡ್ಡಿ, ಇನ್ನೊಬ್ಬಳು ಡುಮ್ಮಿ. ಇಬ್ಬರನ್ನೂ ಕಪ್ಪು ನೆರಳು ಮಾಡಿ ನಿಲ್ಲಿಸಿದರೂ ಯಾರು ಯಾರು ಅಂತ ಗೊತ್ತಾಗುತ್ತದೆ. ಗೂಢಚಾರ ಅನಾಕ್ಲೆಟೊ (1964) ಅಂದರೆ ಕಪ್ಪು ಸೂಟು, ಬೋ ಟೈ, ಬಾಯಲ್ಲಿ ಸಿಗರೇಟು, ಹಣೆ ಮೇಲೆ ಕೂದಲು. ಅಷ್ಟೇ, ಮುಗೀತು. ನಿಮ್ಮ ಸ್ಟ್ರಿಪ್‌ನಲ್ಲಿ ಹಿನ್ನೆಲೆಗೆ ಗೀಟು ಜಾಸ್ತಿ ಆಗುತ್ತಿದೆ, ಇದನ್ನು ನೋಡಿದರೆ ಕೈ ತಾನಾಗಿ ಹಗುರಾಗುತ್ತದೆ.

ಈಗ ಒಪ್ಪಂದದ ವಿಷಯ. ಸಿನಿಮಾ ನೋಡಿ ಎಲ್ಲರೂ ಕಳ್ಳನನ್ನೇ ನೋಡಿ ನಗುತ್ತಾರೆ, ನೀವು ಅವನು ಕೆಲಸ ಮಾಡುತ್ತಿದ್ದ ಬ್ರುಗೆರ ಪ್ರಕಾಶನದ ಆಫೀಸಿನ ಮೇಲೆ ಕಣ್ಣಿಡಿ. ಅಲ್ಲಿ ಪುಟಕ್ಕೆ ಇಷ್ಟು ಅಂತ ಕೊಡುತ್ತಿದ್ದರು. ಒರಿಜಿನಲ್ ಹಾಳೆಯೂ ಅವರದು, ಪಾತ್ರದ ಹಕ್ಕೂ ಅವರದು. 1957ರಲ್ಲಿ ಐದು ಜನ ಕಾರ್ಟೂನಿಸ್ಟರು ಬೇಸತ್ತು ಹೊರಗೆ ಬಂದು ‘ಟಿಯೊ ವಿವೊ’ ಅಂತ ಸ್ವಂತ ಪತ್ರಿಕೆ ಮಾಡಿದರು, ಕೊನೆಗೆ ಅದನ್ನೂ ಬ್ರುಗೆರವೇ ನುಂಗಿತು. 1985ರಲ್ಲಿ ಇಬಾನ್ಯೆಸ್ ಬಿಟ್ಟು ಹೋದಾಗ ಅವನ ಕಾಮಿಕ್ಸ್ ‘ಮೊರ್ತಡೆಲೊ’ವನ್ನು ಬೇರೆಯವರ ಕೈಲಿ ಬರೆಸಿದರು. ಹೀಗಿದ್ದಾಗ ವಾಸ್ಕೆಸ್ ಸುಳ್ಳು ಹೇಳಿ ಮುಂಗಡ ಎತ್ತಿದ್ದಕ್ಕೆ ನನಗೇನೂ ಅಷ್ಟು ಸಿಟ್ಟು ಬರಲ್ಲ. ಟೈಲರಿಗೆ ಮಾಡಿದ್ದು ಮಾತ್ರ ಅನ್ಯಾಯ, ಪಾಪ.

ನಿಮ್ಮ ಕಾಗದದಲ್ಲಿ ‘ಪಾತ್ರಗಳೂ ಸೇರಿದಂತೆ ಎಲ್ಲಾ ಹಕ್ಕು, ಶಾಶ್ವತವಾಗಿ’ ಅಂತ ಇದೆ ಅಂದಿರಿ. ಅದನ್ನು ಹೊಡೆದು ಹಾಕಿಸಿ. ಎಷ್ಟು ವರ್ಷ, ಎಲ್ಲೆಲ್ಲಿ, ಪುಸ್ತಕ ಆದರೆ ಎಷ್ಟು ಕೊಡುತ್ತಾರೆ ಅಂತ ಬರೆಸಿ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ 5 ವರ್ಷ ಅಂತಲೇ ಲೆಕ್ಕ, ಜಾಗ ನಮೂದಿಸದಿದ್ದರೆ ಭಾರತ ಮಾತ್ರ. ಆದರೆ ನೀವೇ ‘ಶಾಶ್ವತ’ ಅನ್ನೋದಕ್ಕೆ ಸಹಿ ಹಾಕಿದರೆ ಈ ರಕ್ಷಣೆ ಸಿಗಲ್ಲ. ಒರಿಜಿನಲ್ ಹಾಳೆ ಕೊಡಬೇಡಿ, ಸ್ಕ್ಯಾನ್ ಕಳಿಸಿ. ಅವರು ಒಪ್ಪದಿದ್ದರೆ ಹಾಳೆ ಬಗ್ಗೆ ಏನು ಬರೆದಿದ್ದಾರೋ ಆ ಸಾಲಿನ ಫೋಟೋ ಇಲ್ಲಿ ಹಾಕಿ, ಗುಂಪಿನಲ್ಲಿ ವಕೀಲರೂ ಇದ್ದಾರೆ.