ಫೀಡ್ ಏರಿಸುವ ಮುಂಚೆ ಕೊನೆಯ ಎರಡು ಕೆ.ಜಿ. ಲೆಕ್ಕ ನೋಡಿ

ಅಣ್ಣಾ, ದಿನದ ಫೀಡ್ (ಚೀಲದ ಪಶು ಆಹಾರ) 8 ಕೆ.ಜಿ.ಯಿಂದ 10ಕ್ಕೆ ಏರಿಸಿದೆ, ಹಸುವಿನ ಹಾಲು 15 ಲೀಟರ್‌ನಿಂದ 16ಕ್ಕೆ ಬಂತು, ಆದರೂ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ, ಶೆಡ್‌ಗೆ ಆರು ಲಕ್ಷ ಹಾಕಿ ಅರ್ಧ ಖಾಲಿ ಇದೆ, ಇನ್ನೆರಡು ಹಸು ತರಲಾ ಅಂತ ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ನೀವೇ ಬರೆದ ದರ: ಹಾಲು ಲೀಟರಿಗೆ 38 ರೂಪಾಯಿ, ಫೀಡ್ ಕೆ.ಜಿ.ಗೆ 28. ಒಟ್ಟು ಲೆಕ್ಕದಲ್ಲಿ ಹಾಲಿನ 608ಕ್ಕೆ ಫೀಡಿನ 280 ಕಳೆದರೆ 328 ಉಳಿಯಿತು, ಸರಿ. ಆದರೆ ಮುಂಚೆ 570ಕ್ಕೆ 224 ಕಳೆದು 346 ಉಳಿಯುತ್ತಿತ್ತಲ್ವಾ? ಹೆಚ್ಚಿಗೆ ಹಾಕಿದ ಎರಡು ಕೆ.ಜಿ.ಗೆ 56 ಹೋಯಿತು, ಹೆಚ್ಚಿಗೆ ಬಂದ ಹಾಲಿಗೆ 38 ಬಂತು. ದಿನಕ್ಕೆ 18 ರೂಪಾಯಿ ನಷ್ಟ, ಅದೂ ಒಂದೇ ಹಸುವಿಗೆ!

ನಾನು ಮಾಡುವುದು ಇಷ್ಟೇ. ಅರ್ಧ ಕೆ.ಜಿ. ಇಳಿಸಿ, ಒಂದು ವಾರ ಎರಡೂ ಹೊತ್ತಿನ ಹಾಲು ತೂಗಿ ಬರೆಯಿರಿ. ಉಳಿದ ಫೀಡಿನ ದುಡ್ಡಿಗಿಂತ ಕಡಿಮೆಯಾದ ಹಾಲಿನ ದುಡ್ಡು ಕಮ್ಮಿ ಇದ್ದರೆ ಇನ್ನರ್ಧ ಇಳಿಸಿ. ಜಾಸ್ತಿಯಾದರೆ ಕೊನೆಗೆ ಇಳಿಸಿದ ಅರ್ಧ ಕೆ.ಜಿ. ವಾಪಸ್ ಹಾಕಿ ಅಲ್ಲೇ ನಿಲ್ಲಿ. ಡೈರಿ ಚೀಟಿಯಲ್ಲಿ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಎರಡನ್ನೂ ನೋಡಿ. ಹುಲ್ಲು ಕಮ್ಮಿಯಾಗಿ ಫೀಡ್ ಜಾಸ್ತಿಯಾದರೆ ಫ್ಯಾಟ್ ಬೀಳುತ್ತದೆ, ಹೊಟ್ಟೆ ಹುಳಿಯಾಗಿ ಹಸು ಮೇವು ಬಿಡುತ್ತದೆ. ಆಮೇಲೆ ಡಾಕ್ಟರ್ ಖರ್ಚು ಬೇರೆ.

ಈಗಷ್ಟೇ ಕರು ಹಾಕಿದ ಹಸುವಿಗೆ ಮಾತ್ರ ಇದನ್ನು ಮಾಡಲೇಬೇಡಿ. ಮೊದಲ ಎರಡು ಮೂರು ತಿಂಗಳು ಫೀಡ್ ಕಿತ್ತರೆ ಆ ಸೂಲಿಡೀ ಹಾಲು ಏಳುವುದಿಲ್ಲ. ತುಂಬು ಗಬ್ಬದ ಹಸುವಿಗೂ ಬೇಡ. ಮಿನರಲ್ ಮಿಕ್ಸ್ಚರ್ ಅಂತೂ ಯಾವತ್ತೂ ನಿಲ್ಲಿಸಬೇಡಿ.

ಬ್ರ್ಯಾಂಡ್ ಕೇಳಿದ್ದಿರಿ. ನಾನು ನಂದಿನಿ ಫೀಡನ್ನೇ ಹಾಕುತ್ತೇನೆ. ಯಾವುದೇ ತಂದರೂ ಚೀಲದ ಮೇಲಿನ ಪ್ರೋಟೀನ್ ಶೇಕಡಾ ಓದಿ. ಅಂಗಡಿಯವರು ಹೇಳಿದರು ಅಂತ ವಾರಕ್ಕೊಂದು ಬದಲಾಯಿಸಿದರೆ ಹಸುವಿಗೆ ಹೊಂದುವುದಿಲ್ಲ.

ಇನ್ನು ಶೆಡ್. ಅದಕ್ಕೆ ಹಾಕಿದ ಆರು ಲಕ್ಷ ರೂಪಾಯಿ, ಹಸು ತಂದರೂ ಹೋಗಿದೆ, ತರದಿದ್ದರೂ ಹೋಗಿದೆ. 'ಸುಮ್ನೆ ಖಾಲಿ ಬಿದ್ದಿದೆ' ಅನ್ನುವುದು ಹಸು ತರಲು ಕಾರಣವೇ ಅಲ್ಲ. ಆ ಎರಡು ಹಸುವಿನಿಂದ ಬರುವ ಹಾಲು, ಕರು, ಗೊಬ್ಬರದ ದುಡ್ಡು ಒಂದು ಕಡೆ ಬರೆಯಿರಿ. ಅವಕ್ಕಾಗಿಯೇ ಆಗುವ ಸಾಲದ ಬಡ್ಡಿ, ವಿಮೆ, ಮೇವು, ಹಾಲಿಲ್ಲದ ತಿಂಗಳ ಖರ್ಚು ಇನ್ನೊಂದು ಕಡೆ. ಸೀಮೆಹುಲ್ಲು ನಮ್ಮ ಹೊಲದ್ದೇ, ಪುಕ್ಕಟೆ ಅನ್ನಬೇಡಿ. ಅದನ್ನು ಮಾರಿದರೆ, ಅಥವಾ ಆ ನೆಲದಲ್ಲಿ ಬೇರೆ ಬೆಳೆ ಇಟ್ಟರೆ ಎಷ್ಟು ಬರುತ್ತಿತ್ತೋ ಅದೇ ಅದರ ಬೆಲೆ. ಅಕ್ಕ ಬೆಳಗಿನ ಜಾವ ಎದ್ದು ಹಾಲು ಕರೆಯುವುದಕ್ಕೂ ಕೂಲಿ ಹಿಡಿಯಿರಿ. ಅದನ್ನು ಸೊನ್ನೆ ಅಂತ ಬರೆಯುವವರೇ ನಮ್ಮ ಹಸು ಸಾಕುವವರ ಗುಂಪಿನಲ್ಲಿ ಜಾಸ್ತಿ, ನನಗೆ ಅದಕ್ಕೇ ಸಿಟ್ಟು.

ಇಷ್ಟೆಲ್ಲ ಕಳೆದೂ ಉಳಿದರೆ ಧೈರ್ಯವಾಗಿ ತನ್ನಿ. ಮೊದಲು ಒಂದನ್ನು ತನ್ನಿ, ನೀವೇ ನಿಂತು ಎರಡು ಹೊತ್ತು ಹಾಲು ಕರೆಸಿ ನೋಡಿ ಮುಂಗಡ ಕೊಡಿ.